ಕೋಲುಗಳನ್ನು ಒಲೆಗೆ ಹಾಕುವ ಮುನ್ನ



ಅಸ್ರ್ ನಮಾಝ್ ಮುಗಿಸಿ ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಬಾಗಿಲ ಬಳಿ ಒಬ್ಬ ತಾಯಿ ನಿಂತಿದ್ದರು. ನಮ್ಮ ಕೊಳ್ಳೇಗಾಲದವರೇ. ಸೆರಗಿನಡಿ ಹಳೆಯ ದಿನಪತ್ರಿಕೆಯಲ್ಲಿ ಏನನ್ನೋ ಸುತ್ತಿ ಹಿಡಿದಿದ್ದರು. ಬಿಚ್ಚಿ ತೋರಿಸಿದಾಗ ಎರಡು ಮರದ ಕೋಲುಗಳು ಕಂಡವು. ಡ್ರಮ್ ಬಾರಿಸುವ ಕೋಲುಗಳು. ತುದಿ ಸವೆದು ಸಿಬಿರು ಎದ್ದಿದ್ದವು. ಹಿಡಿಯುವ ಜಾಗದಲ್ಲಿ ಬೆವರಿನಿಂದ ಮರ ಕಪ್ಪಾಗಿತ್ತು.

"ಹಝ್ರತ್, ಇದನ್ನು ಮುರಿದು ಒಲೆಗೆ ಹಾಕಿಬಿಡಲೇ? ನೀವು ಹೂಂ ಅಂದರೆ ಈಗಲೇ ಹೋಗಿ ಹಾಕುತ್ತೇನೆ" ಎಂದರು.

ಅವರ ಮಗನಿಗೆ 22 ವರ್ಷ. ಹಗಲು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಸಂಜೆಯಾದರೆ ಒಂದು ರಸಮಂಜರಿ ತಂಡದೊಂದಿಗೆ ವ್ಯಾನು ಹತ್ತುತ್ತಾನೆ. ಇವತ್ತು ಯಳಂದೂರಿನ ಹಳ್ಳಿಯೊಂದರಲ್ಲಿ ಕಾರ್ಯಕ್ರಮವಾದರೆ ನಾಳೆ ಹನೂರಿನ ಕಡೆ, ನಾಡಿದ್ದು ಯಾರದೋ ಮದುವೆಯ ಆರತಕ್ಷತೆ. ಮನೆಗೆ ಬರುವಾಗ ಫಜ್ರ್ ಅಝಾನ್ ಆಗುತ್ತಿರುತ್ತದೆ. ಬಂದವನೇ ಮಲಗಿದರೆ ಏಳುವುದು ಸೂರ್ಯ ನೆತ್ತಿಗೆ ಬಂದ ಮೇಲೆ. ಅಂಗಡಿ ಮಾಲಿಕರ ಸಹನೆ ತೀರುತ್ತಿದೆ. ಇದೆಲ್ಲವನ್ನೂ ತಾಯಿ ಸಹಿಸಿಕೊಂಡಿದ್ದರು. ಆದರೆ ಈಗ ಮದುವೆ ಗೊತ್ತಾಗಿದೆ. ಹುಡುಗಿ ಯಳಂದೂರಿನವಳು. "ಹುಡುಗ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಾನಂತೆ, ಹೌದಾ?" ಎಂದು ಬೀಗರ ಕಡೆಯಿಂದ ಯಾರೋ ಕೇಳಿದ್ದಾರೆ. ತಾಯಿ ಏನೂ ಹೇಳಲಾಗದೆ ಫೋನ್ ಇಟ್ಟುಬಿಟ್ಟರಂತೆ.

ಓದುಗರೇ, ಇಂತಹ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಕೊಡುವುದು ಸುಲಭ. ಒಮ್ಮೆ ನಾನು ಹಾಗೆಯೇ ಕೊಟ್ಟಿದ್ದೆ. ಅದರ ಫಲವನ್ನು ಮೊದಲು ನಿಮಗೆ ಹೇಳಬೇಕು.

ನಾನು ಯಳಂದೂರಿನಲ್ಲಿ ಮಕ್ಕಳಿಗೆ ಕುರ್‌ಆನ್ ಕಲಿಸುತ್ತಿದ್ದ ದಿನಗಳವು. ಹದಿಮೂರು ವರ್ಷದ ಒಬ್ಬ ಹುಡುಗನಿದ್ದ. ಪಾಠದಲ್ಲಿ ಹಿಂದೆ ಬಿದ್ದವನೇನಲ್ಲ. ಆದರೆ ಅವನ ಬೆರಳುಗಳು ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಮುಂದಿರುವ ಹಲಗೆಯ ಅಂಚಿಗೆ ಸದಾ ಏನೋ ತಾಳ. ಎರಡು ಸಲ ಹೇಳಿದೆ, ಮೂರನೆಯ ಸಲ ಸಿಟ್ಟು ತಡೆಯಲಿಲ್ಲ. ಎಲ್ಲ ಮಕ್ಕಳ ಎದುರು ಅವನ ಎರಡೂ ಕೈ ಹಿಡಿದೆತ್ತಿ, "ಇವು ಶೈತಾನನ ಕೈಗಳು" ಎಂದುಬಿಟ್ಟೆ. ಮಕ್ಕಳು ನಕ್ಕರು. ಮರುದಿನ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ. ನಾನು ಅವನ ಮನೆಗೆ ಹೋಗಿ ವಿಚಾರಿಸಲೂ ಇಲ್ಲ. ಬಾರದವನು ಬಾರದಿರಲಿ ಎಂದುಕೊಂಡೆ.

ವರ್ಷಗಳ ನಂತರ ಹನೂರಿನ ಬಸ್ ನಿಲ್ದಾಣದಲ್ಲಿ ಅವನನ್ನು ಕಂಡೆ. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ ಹುಡುಗರ ಜೊತೆಗಿದ್ದ. ಕಣ್ಣು ಕೆಂಪಾಗಿತ್ತು. ಹತ್ತಿರ ಹೋದಾಗ ಬಾಯಿಯಿಂದ ವಾಸನೆ ಬಂತು. ನನ್ನ ಗುರುತು ಹತ್ತಿತು ಅವನಿಗೆ. ಸಲಾಂ ಹೇಳಲು ಕೈ ಎತ್ತಿದವನು ಅರ್ಧಕ್ಕೇ ನಿಲ್ಲಿಸಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ನಾನಂದ ಮಾತನ್ನು ಅವನು ಮರೆತಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು, ಅವನು ಹೊರಟುಹೋದ.

ಆದ್ದರಿಂದ ಈ ತಾಯಿಗೆ ನಾನು ಹೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. "ಕೋಲುಗಳು ಒಂದು ವಾರ ನನ್ನ ಬಳಿ ಇರಲಿ. ಮಗನನ್ನು ಕಳುಹಿಸಿ" ಎಂದೆ.

ಮೂರನೆಯ ದಿನ ಹುಡುಗ ಬಂದ. ಬೈಗುಳ ಕೇಳಲು ಸಿದ್ಧನಾಗಿಯೇ ಬಂದಂತಿತ್ತು. ನಾನು ಬೈಯಲಿಲ್ಲ. "ರಾತ್ರಿಯೆಲ್ಲ ಮೊಬೈಲಿನಲ್ಲಿ ಯಾರೋ ಬಿಳಿಯರು ಡ್ರಮ್ ಬಾರಿಸುವುದನ್ನು ನೋಡುತ್ತೀಯಂತೆ, ಯಾರವರು?" ಎಂದು ಕೇಳಿದೆ. ಅವನ ಮುಖ ಸ್ವಲ್ಪ ಅರಳಿತು. ಕೀತ್ ಮೂನ್, ಜಾನ್ ಬಾನಮ್, ಚಾರ್ಲಿ ವಾಟ್ಸ್, ಒಂದೇ ಕೈಯಲ್ಲಿ ಬಾರಿಸುವ ರಿಕ್ ಆಲನ್ ಎಂದು ನಾಲ್ಕು ಹೆಸರು ಹೇಳಿದ. ಎಲ್ಲರೂ ಇಂಗ್ಲೆಂಡಿನ ರಾಕ್ ಸಂಗೀತ ತಂಡಗಳವರು. ನನಗೆ ಒಬ್ಬರೂ ಗೊತ್ತಿರಲಿಲ್ಲ. ಅವನು ಬಾರಿಸುವುದು ಕನ್ನಡ ಸಿನಿಮಾ ಹಾಡುಗಳಿಗೆ, ಆದರೆ ಮನಸ್ಸಿನಲ್ಲಿ ಗುರುಗಳೆಂದು ಇಟ್ಟುಕೊಂಡಿರುವುದು ಇವರನ್ನು. "ಇವರು ವೇದಿಕೆಯ ಮೇಲೆ ಹೇಗಿದ್ದರೆಂದು ನಿನಗೆ ಗೊತ್ತು. ಮನೆಯಲ್ಲಿ ಹೇಗಿದ್ದರು?" ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆ ವಾರವಿಡೀ ಓದಿ ತಿಳಿದುಕೊಂಡದ್ದನ್ನು ಮೊದಲು ಅವನಿಗೆ ಹೇಳಿದೆ, ಈಗ ನಿಮಗೆ ಹೇಳುತ್ತಿದ್ದೇನೆ.

ನಾಲ್ಕು ಕೈಕಾಲು, ನಾಲ್ಕು ಕೆಲಸ

ಡ್ರಮ್ ನಮಗೇನೂ ಹೊಸತಲ್ಲ. ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದ ದಾರಿ ಹಿಡಿದರೆ ಕಂಸಾಳೆಯ ಸದ್ದು ಕೇಳುತ್ತದೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿದರೆ ಸೋಲಿಗರ ಕುಣಿತ ಕಾಣುತ್ತದೆ. ತಮಟೆಯಿಲ್ಲದ ಹಬ್ಬ ನಮ್ಮ ಹಳ್ಳಿಗಳಲ್ಲಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಸಂತೋಷಪಟ್ಟಿತು.

ರಾಕ್ ತಂಡದ ಡ್ರಮ್‌ಸೆಟ್ ಇವೆಲ್ಲವನ್ನೂ ಒಬ್ಬನೇ ಮನುಷ್ಯನ ಸುತ್ತ ಜೋಡಿಸಿಟ್ಟಂತೆ. ಬಲಗಾಲು ದೊಡ್ಡ ಡ್ರಮ್ಮನ್ನು ಒದೆಯುತ್ತದೆ. ಎಡಗಾಲು ಜೋಡಿ ತಾಳವನ್ನು ತೆರೆದು ಮುಚ್ಚುತ್ತದೆ. ಒಂದು ಕೈ ತಾಳದ ಮೇಲೆ, ಇನ್ನೊಂದು ಕೈ ಮುಂದಿನ ಸಣ್ಣ ಡ್ರಮ್ಮಿನ ಮೇಲೆ. ನಾಲ್ಕೂ ಬೇರೆ ಬೇರೆ ಕೆಲಸ ಮಾಡಬೇಕು, ಆದರೆ ಒಟ್ಟಿಗೆ ನಡೆಯಬೇಕು. ಹಾಡುವವನು ತಪ್ಪಿದರೆ ಒಂದು ಸಾಲು ಕೆಡುತ್ತದೆ. ಡ್ರಮ್ಮಿನವನು ತಪ್ಪಿದರೆ ಎಲ್ಲರೂ ತಪ್ಪುತ್ತಾರೆ.

ಈ ವಾದ್ಯಕ್ಕೂ ಮುಸ್ಲಿಮ್ ನಾಡುಗಳಿಗೂ ಹಳೆಯ ನಂಟಿದೆ ಎಂಬುದು ಓದುವಾಗ ನನಗೆ ಸೋಜಿಗವೆನಿಸಿತು. ಯುರೋಪಿನವರು ಜೋಡಿ ನಗಾರಿಯನ್ನು ಕಂಡದ್ದು ಶಿಲುಬೆ ಯುದ್ಧಗಳ ಕಾಲದಲ್ಲಿ, ಅರಬರ ಬಳಿ. ನಮ್ಮ ನಗಾರಿಗೂ ಅವರ ಹಳೆಯ ನೇಕರ್ ವಾದ್ಯಕ್ಕೂ ಹೆಸರು ಬಂದದ್ದು ಅರಬಿಯ ನಕ್ಕಾರ ಎಂಬ ಪದದಿಂದ. ಇಂದು ಜಗತ್ತಿನಾದ್ಯಂತ ಡ್ರಮ್ಮರುಗಳು ಬಳಸುವ ಝಿಲ್ಜಿಯನ್ ತಾಳಗಳ ಕುಟುಂಬ ತನ್ನ ಕೆಲಸ ಆರಂಭಿಸಿದ್ದು 1623ರಲ್ಲಿ, ಉಸ್ಮಾನೀ ಸುಲ್ತಾನರ ರಾಜಧಾನಿ ಇಸ್ತಾಂಬುಲ್‌ನಲ್ಲಿ. ಅವರು ಅರ್ಮೇನಿಯನ್ ಕ್ರೈಸ್ತರು. ತಾಳ ಮಾಡುವವರು ಎಂಬ ಅರ್ಥದ ಆ ಹೆಸರು ಅವರಿಗೆ ಸುಲ್ತಾನರ ಆಸ್ಥಾನದಿಂದ ಬಂದದ್ದು.

ಇದು ದೇಹವನ್ನು ಹಿಂಡುವ ದುಡಿಮೆಯೂ ಹೌದು. ಬ್ಲಾಂಡಿ ಎಂಬ ತಂಡದ ಡ್ರಮ್ಮರ್ ಕ್ಲೆಮ್ ಬರ್ಕ್ ಎಂಬವರನ್ನು ಇಂಗ್ಲೆಂಡಿನ ಎರಡು ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವರ್ಷಗಟ್ಟಲೆ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರ್ಯಕ್ರಮದ ವೇಳೆ ಅವರ ಹೃದಯ ನಿಮಿಷಕ್ಕೆ ಸರಾಸರಿ 140ರಿಂದ 150 ಸಲ ಬಡಿಯುತ್ತಿತ್ತು, ಕೆಲವೊಮ್ಮೆ 190ಕ್ಕೆ ಏರುತ್ತಿತ್ತು. ದೊಡ್ಡ ಮಟ್ಟದ ಫುಟ್ಬಾಲ್ ಆಟಗಾರರ ಹೃದಯದಂತೆಯೇ.

ಈಗ ಯೋಚಿಸಿ. ಅಷ್ಟು ವೇಗದಲ್ಲಿ ಬಡಿದ ಹೃದಯ, ಸಾವಿರಾರು ಜನರ ಕೇಕೆ ಕೇಳಿದ ಕಿವಿ, ಬೆಳಕಿನಲ್ಲಿ ಮಿಂದ ಕಣ್ಣು. ಕಾರ್ಯಕ್ರಮ ಮುಗಿದು ದೀಪ ಆರಿದೊಡನೆ ಇವೆಲ್ಲ ತಣ್ಣಗಾಗುತ್ತವೆಯೇ? ಇಲ್ಲ. ನಿದ್ದೆ ಬರುವುದಿಲ್ಲ. ಮನೆ ದೂರ. ಪಕ್ಕದಲ್ಲಿ ಯಾರೋ ಬಾಟಲಿ ತೆರೆಯುತ್ತಾರೆ. ಡ್ರಮ್ಮರನ ಬದುಕು ತಿರುಗುವುದು ಈ ಗಳಿಗೆಯಲ್ಲಿ.

ಮೂವತ್ತೆರಡಕ್ಕೇ ಮುಗಿದ ಇಬ್ಬರು

ಕೀತ್ ಮೂನ್ ಇದ್ದದ್ದು ದ ಹೂ ಎಂಬ ತಂಡದಲ್ಲಿ. 1964ರಲ್ಲಿ ಸೇರಿದಾಗ ಇನ್ನೂ ಹದಿಹರೆಯ. ಡ್ರಮ್ ಬಾರಿಸುವುದರಲ್ಲಿ ಗುಡುಗು ಸಿಡಿಲು. ವೇದಿಕೆಯ ಮೇಲೆ ವಾದ್ಯಗಳನ್ನು ಒದ್ದು ಬೀಳಿಸುವುದು, ಹೋಟೆಲ್ ಕೋಣೆಗಳನ್ನು ಹಾಳುಗೆಡವುವುದು ಅವರ ಖ್ಯಾತಿಯ ಭಾಗವೇ ಆಗಿಹೋಗಿತ್ತು. ಜನ ನಗುತ್ತಿದ್ದರು. ಮನೆಯಲ್ಲಿ ಹೆಂಡತಿ, ಒಬ್ಬಳು ಪುಟ್ಟ ಮಗಳು. ಅವರಿಗೆ ನಗಲು ಏನೂ ಇರಲಿಲ್ಲ. 1973ರಲ್ಲಿ ಹೆಂಡತಿ ಮಗಳನ್ನು ಕರೆದುಕೊಂಡು ಮನೆ ಬಿಟ್ಟರು. ಅದೇ ವರ್ಷ ನವೆಂಬರ್ 20ರಂದು ಅಮೆರಿಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಮೀಪ ನಡೆದ ಕಾರ್ಯಕ್ರಮದ ನಡುವೆಯೇ ಕೀತ್ ಮೂನ್ ಪ್ರಜ್ಞೆ ತಪ್ಪಿ ಡ್ರಮ್ಮುಗಳ ಮೇಲೆ ಬಿದ್ದರು. ಅವರನ್ನು ಎತ್ತಿಕೊಂಡು ಹೋದ ಮೇಲೆ ಪ್ರೇಕ್ಷಕರ ನಡುವಿನಿಂದ 19 ವರ್ಷದ ಹುಡುಗನೊಬ್ಬನನ್ನು ಮೇಲೆ ಕರೆದು ಕೂರಿಸಿ ಕಾರ್ಯಕ್ರಮ ಮುಗಿಸಿದರು. ಅಂದರೆ ವೇದಿಕೆಯ ಮೇಲೆ ಅವರ ಜಾಗ ತುಂಬಲು ಕೆಲವು ನಿಮಿಷ ಸಾಕಾಯಿತು. ಆ ಮಗಳ ಮನೆಯಲ್ಲಿ ತಂದೆಯ ಜಾಗ ತುಂಬುವವರು ಯಾರು?

ಕುಡಿತ ಬಿಡಲು ಅವರು ಪ್ರಯತ್ನಿಸಿದ್ದರು. ಅದಕ್ಕೆಂದೇ ವೈದ್ಯರು ಮಾತ್ರೆ ಬರೆದುಕೊಟ್ಟಿದ್ದರು. 1978ರ ಸೆಪ್ಟೆಂಬರ್ 7ರಂದು ಅದೇ ಮಾತ್ರೆಗಳನ್ನು ಮಿತಿಮೀರಿ ನುಂಗಿ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕಿದ್ದು 32 ಮಾತ್ರೆ. ಅವರ ವಯಸ್ಸೂ 32.

ಜಾನ್ ಬಾನಮ್ ಲೆಡ್ ಝೆಪೆಲಿನ್ ತಂಡದವರು. ತಂದೆಯ ಜೊತೆ ಕಟ್ಟಡ ಕೆಲಸ ಮಾಡಿ ಬೆಳೆದ ಗಟ್ಟಿ ಆಳು. ಹುಡುಗನಾಗಿದ್ದಾಗಲೇ ಮದುವೆಯಾಗಿ ತಂದೆಯೂ ಆಗಿದ್ದರು. ಜಗತ್ತಿನ ಅತ್ಯುತ್ತಮ ರಾಕ್ ಡ್ರಮ್ಮರ್ ಎಂದು ಇಂದಿಗೂ ಬಹಳ ಜನ ಅವರನ್ನು ಹೆಸರಿಸುತ್ತಾರೆ. ಆದರೆ ಅವರಿಗೆ ವಿಮಾನದ ಭಯ. ಮನೆ ಬಿಟ್ಟು ಹೊರಡುವುದೆಂದರೆ ಸಂಕಟ. ಕಾರ್ಯಕ್ರಮಕ್ಕೆ ಮುನ್ನ ಕೈಕಾಲು ನಡುಕ. ಈ ಸಂಕಟಕ್ಕೆ ಅವರು ಹುಡುಕಿಕೊಂಡ ಮದ್ದು ಮದ್ಯ. 1980ರ ಸೆಪ್ಟೆಂಬರ್ 24ರಂದು ಅಮೆರಿಕ ಪ್ರವಾಸದ ಅಭ್ಯಾಸಕ್ಕೆಂದು ಮನೆಯಿಂದ ಹೊರಟವರು ಬೆಳಗಿನಿಂದಲೇ ಕುಡಿಯತೊಡಗಿದರು. ಸುಮಾರು 40 ಅಳತೆ ವೋಡ್ಕಾ ಎಂದು ವಿಚಾರಣೆಯಲ್ಲಿ ತಿಳಿದುಬಂತು. ಆ ರಾತ್ರಿ ಮಲಗಿದವರು ನಿದ್ದೆಯಲ್ಲೇ ವಾಂತಿ ಗಂಟಲಿಗೆ ಸಿಲುಕಿ ಸತ್ತರು. ಅವರ ವಯಸ್ಸೂ 32. ತಂಡ ಆ ವರ್ಷವೇ ಮುಚ್ಚಿತು. ಮಗ ಜೇಸನ್‌ಗೆ ಆಗ 14 ವರ್ಷ. 2007ರ ಡಿಸೆಂಬರ್ 10ರಂದು ಲಂಡನ್‌ನಲ್ಲಿ ಆ ತಂಡ ಒಂದು ರಾತ್ರಿಗಾಗಿ ಮತ್ತೆ ಸೇರಿದಾಗ ತಂದೆಯ ಜಾಗದಲ್ಲಿ ಕುಳಿತು ಬಾರಿಸಿದ್ದು ಆ ಮಗನೇ.

ಈ ಇಬ್ಬರನ್ನು ಕೊಂದದ್ದು ಡ್ರಮ್ ಅಲ್ಲ, ಓದುಗರೇ. ವೇದಿಕೆಯಿಂದ ಇಳಿದ ಮೇಲೆ ಹೋಗಲು ದಾರಿ ಇಲ್ಲದಂತಾದದ್ದು. ಮದ್ಯದ ಬಗ್ಗೆ ನಮಗೆ ಕುರ್‌ಆನಿನ ಸ್ಪಷ್ಟ ಆದೇಶವಿದೆ, ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಆದೇಶ ತಿಳಿಸಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯಿತೇ? ರಾತ್ರಿ ಎರಡು ಗಂಟೆಗೆ ಹಿಂದಿರುಗುವ ಹುಡುಗನಿಗೆ ಬಾಗಿಲು ತೆರೆಯುವ ಮನೆಯೊಂದಿರಬೇಕಲ್ಲವೇ?

ಮನೆಗೆ ಮರಳುತ್ತಿದ್ದವರು

ಮೂರನೆಯವರು ಚಾರ್ಲಿ ವಾಟ್ಸ್. ರೋಲಿಂಗ್ ಸ್ಟೋನ್ಸ್ ತಂಡದಲ್ಲಿ 1963ರಿಂದ 2021ರವರೆಗೆ, ಅಂದರೆ 58 ವರ್ಷ ಡ್ರಮ್ ಬಾರಿಸಿದವರು. ತಂದೆ ರೈಲ್ವೆಯ ಲಾರಿ ಚಾಲಕ. ಹುಡುಗನಾಗಿದ್ದಾಗ ಬ್ಯಾಂಜೋ ವಾದ್ಯವೊಂದರ ಕುತ್ತಿಗೆ ಕಳಚಿ, ಉಳಿದ ದುಂಡು ಭಾಗವನ್ನೇ ಡ್ರಮ್ ಮಾಡಿಕೊಂಡು ಬಾರಿಸಿದರಂತೆ. ಚಿತ್ರಕಲೆ ಕಲಿತು ಜಾಹೀರಾತು ಕಂಪೆನಿಯಲ್ಲಿ ಕೆಲಸಕ್ಕಿದ್ದರು. ಜಗತ್ತಿನ ಅತಿ ಗದ್ದಲದ ತಂಡಗಳಲ್ಲೊಂದಕ್ಕೆ ಸೇರಿದರೂ ಅವರ ಡ್ರಮ್‌ಸೆಟ್ ಕೊನೆಯವರೆಗೂ ಸಣ್ಣದೇ. ಚೆನ್ನಾಗಿ ಹೊಲಿಸಿದ ಸೂಟು ತೊಟ್ಟು, ಮುಖದಲ್ಲಿ ಯಾವ ಆರ್ಭಟವೂ ಇಲ್ಲದೆ, ಗುಮಾಸ್ತರೊಬ್ಬರು ಮೇಜಿನ ಮುಂದೆ ಕುಳಿತಂತೆ ಕುಳಿತು ಬಾರಿಸುತ್ತಿದ್ದರು.

1964ರ ಅಕ್ಟೋಬರ್ 14ರಂದು ಶರ್ಲಿ ಎಂಬವರನ್ನು ಮದುವೆಯಾದರು. 2021ರ ಆಗಸ್ಟ್ 24ರಂದು 80ನೇ ವಯಸ್ಸಿನಲ್ಲಿ ಸಾಯುವವರೆಗೂ ಅದೇ ಮದುವೆ, ಅದೇ ಹೆಂಡತಿ. ರಾಕ್ ಲೋಕದಲ್ಲಿ ಇದು ಅಪರೂಪ. ಪ್ರವಾಸವೆಂದರೆ ಅವರಿಗೆ ಬೇಸರ. 1967ರಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದರು. ಪ್ರವಾಸದಲ್ಲಿ ಯಾವ ಹೋಟೆಲಿನಲ್ಲಿ ಮಲಗಿದರೂ ಆ ಹಾಸಿಗೆಯ ಚಿತ್ರವನ್ನು ಪುಸ್ತಕದಲ್ಲಿ ಬರೆದಿಡುವುದು. ಜೊತೆಗಾರರು ಮೋಜಿಗೆ ಹೊರಟಾಗ ಇವರು ಕೋಣೆಯಲ್ಲಿ ಕುಳಿತು ಖಾಲಿ ಹಾಸಿಗೆಯ ಚಿತ್ರ ಬಿಡಿಸುತ್ತಿದ್ದರು. ಪ್ರವಾಸ ಮುಗಿದರೆ ಡೆವನ್ ಎಂಬ ಪ್ರಾಂತ್ಯದ ಹಳ್ಳಿಮನೆ, ಅಲ್ಲಿ ಗಂಡಹೆಂಡತಿ ಸೇರಿ ಸಾಕುತ್ತಿದ್ದ ಅರಬಿ ತಳಿಯ ಕುದುರೆಗಳು.

ಇವರನ್ನು ದೋಷವಿಲ್ಲದ ಮನುಷ್ಯನೆಂದು ನಾನು ಹೇಳುತ್ತಿಲ್ಲ. ನಲವತ್ತು ದಾಟಿದ ಮೇಲೆ, 1980ರ ದಶಕದ ನಡುವೆ, ಇವರೂ ಮದ್ಯ ಮತ್ತು ಮಾದಕ ದ್ರವ್ಯಕ್ಕೆ ಬಿದ್ದರು. ಸಂಸಾರ ಒಡೆಯುವ ಹಂತಕ್ಕೆ ಬಂದಿತ್ತು. ಒಂದು ದಿನ ನೆಲಮಾಳಿಗೆಗೆ ವೈನ್ ಬಾಟಲಿ ತರಲು ಇಳಿಯುವಾಗ ಮೆಟ್ಟಿಲಲ್ಲಿ ಜಾರಿ ಕಾಲಿನ ಮೂಳೆ ಮುರಿದುಕೊಂಡರು. ಕೆಲವೇ ವಾರಗಳಲ್ಲಿ ಕಾರ್ಯಕ್ರಮವಿತ್ತು. ಡ್ರಮ್ಮರನಿಗೆ ಕಾಲು ಎಂದರೆ ಅರ್ಧ ವಾದ್ಯ. ತಾನು ಎಲ್ಲಿಗೆ ಇಳಿದಿದ್ದೇನೆಂದು ಅಂದು ಅರಿವಾಗಿ ಎಲ್ಲವನ್ನೂ ಬಿಟ್ಟರು. 2004ರಲ್ಲಿ ಗಂಟಲ ಕ್ಯಾನ್ಸರ್ ಬಂದಾಗಲೂ ಚಿಕಿತ್ಸೆ ಪಡೆದು ಮರಳಿದರು.

ಗಮನಿಸಿ. ಬಿದ್ದವರು ಮೂವರೂ ಹೌದು. ಎದ್ದವರು ಒಬ್ಬರು. ಅವರಿಗೆ ಎದ್ದು ಹೋಗಲು ಒಂದು ಮನೆ ಉಳಿದಿತ್ತು. ಹೆಂಡತಿ ಆ ಮನೆಯನ್ನು ಉಳಿಸಿಕೊಂಡಿದ್ದರು, ಅವರೂ ಅದನ್ನು ಮರೆತಿರಲಿಲ್ಲ.

ಹುಡುಗ ಹೇಳಿದ ನಾಲ್ಕನೆಯ ಹೆಸರು ರಿಕ್ ಆಲನ್. ಡೆಫ್ ಲೆಪರ್ಡ್ ತಂಡಕ್ಕೆ 15ನೇ ವಯಸ್ಸಿನಲ್ಲಿ ಸೇರಿದವರು. 1984ರ ಡಿಸೆಂಬರ್ 31ರಂದು ಕಾರು ಅಪಘಾತದಲ್ಲಿ ಎಡಗೈಯನ್ನೇ ಕಳೆದುಕೊಂಡಾಗ ವಯಸ್ಸು 21. ಡ್ರಮ್ಮರನಿಗೆ ಕೈ ಹೋದರೆ ಇನ್ನೇನು ಉಳಿಯಿತು ಎಂದು ನಾವು ಕೇಳುತ್ತೇವೆ. ಎರಡು ಕಾಲು, ಒಂದು ಕೈ ಉಳಿದಿತ್ತು. ಎಡಗೈ ಮಾಡುತ್ತಿದ್ದ ಕೆಲಸವನ್ನು ಎಡಗಾಲಿಗೆ ಕಲಿಸಿದರು. ಕಾಲಿನಿಂದ ಒತ್ತುವ ಎಲೆಕ್ಟ್ರಾನಿಕ್ ಡ್ರಮ್ ಮಾಡಿಸಿಕೊಂಡರು. ಅವರ ತಂಡದವರು ಬೇರೆ ಡ್ರಮ್ಮರನನ್ನು ತರದೆ ಕಾದರು. 1986ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಡೊನಿಂಗ್‌ಟನ್‌ನಲ್ಲಿ ಭಾರೀ ಜನಸ್ತೋಮದ ಮುಂದೆ ಮತ್ತೆ ಬಾರಿಸಿದರು. ಈ ಕತೆ ಹೇಳುವಾಗ ಹುಡುಗನ ಕಣ್ಣು ತುಂಬಿತ್ತು. ಅವನ ಸಬ್ರ್ ನಮ್ಮ ಮಕ್ಕಳಿಗೂ ಪಾಠವೇ.

ನಮ್ಮ ದೀನ್ ಏನು ಹೇಳುತ್ತದೆ?

ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಮೊದಲಿನಿಂದಲೂ ಇದೆ ಎಂದು ನನಗೆ ಗೊತ್ತು. ನಾನು ಮುಫ್ತಿಯಲ್ಲ, ಫತ್ವಾ ಕೊಡುವ ಅರ್ಹತೆ ನನಗಿಲ್ಲ. ತಿಳಿದಷ್ಟನ್ನು ಹೇಳುತ್ತೇನೆ.

ಈದ್ ದಿನ ಹಝ್ರತ್ ಆಯಿಶಾ(ರ)ರ ಮನೆಯಲ್ಲಿ ಇಬ್ಬರು ಹುಡುಗಿಯರು ದಫ್ ಬಾರಿಸುತ್ತಾ ಹಾಡುತ್ತಿದ್ದರು. ಒಳಗೆ ಬಂದ ಅಬೂಬಕರ್(ರ) ಅವರನ್ನು ಗದರಿದರು. ಆದರೆ ಪ್ರವಾದಿ(ಸ)ರು, ಅವರನ್ನು ಬಿಟ್ಟುಬಿಡಿ, ಇದು ಹಬ್ಬದ ದಿನ ಎಂಬ ಅರ್ಥದಲ್ಲಿ ಮಾತಾಡಿ ತಡೆದರು. ಈ ಘಟನೆ ಬುಖಾರಿಯಲ್ಲಿದೆ. ನಿಕಾಹ್‌ನ ಸಂತೋಷವನ್ನು ದಫ್ ಬಾರಿಸಿ ಸಾರುವುದಕ್ಕೂ ಹದೀಸ್‌ಗಳಲ್ಲಿ ಆಧಾರವಿದೆ. ಇತರ ವಾದ್ಯಗಳ ವಿಷಯದಲ್ಲಿ ಬಹುಪಾಲು ವಿದ್ವಾಂಸರು ಕಟ್ಟುನಿಟ್ಟಾಗಿದ್ದಾರೆ. ಇಬ್ನು ಹಝ್ಮ್‌ರಂತಹವರು ಬೇರೆ ಅಭಿಪ್ರಾಯ ಹೊಂದಿದ್ದರು. ಇಮಾಮ್ ಗಝ್ಝಾಲಿ ಹಲವು ಷರತ್ತುಗಳೊಂದಿಗೆ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. 1977ರಲ್ಲಿ ಇಸ್ಲಾಮ್ ಸ್ವೀಕರಿಸಿದ ಇಂಗ್ಲೆಂಡಿನ ಪ್ರಸಿದ್ಧ ಗಾಯಕ ಯೂಸುಫ್ ಇಸ್ಲಾಮ್ ಹಲವು ವರ್ಷ ಸಂಗೀತವನ್ನೇ ಬಿಟ್ಟಿದ್ದು, 2006ರಲ್ಲಿ ಮತ್ತೆ ಹಾಡಿನ ಆಲ್ಬಮ್ ತಂದರು. ಅಮೆರಿಕದ ಜಾಝ್ ಡ್ರಮ್ಮರ್ ಲಿಯೋ ಮಾರಿಸ್ ಇಸ್ಲಾಮ್ ಸ್ವೀಕರಿಸಿ ಇದ್ರೀಸ್ ಮುಹಮ್ಮದ್ ಎಂದು ಹೆಸರು ಬದಲಿಸಿಕೊಂಡ ಮೇಲೂ 2014ರಲ್ಲಿ ತೀರಿಕೊಳ್ಳುವವರೆಗೆ ಡ್ರಮ್ ಬಾರಿಸುವವರಾಗಿಯೇ ಹೆಸರಾಗಿದ್ದರು. ಇವರ ನಿರ್ಧಾರಗಳು ನಮಗೆ ಶರೀಅತ್ ಅಲ್ಲ. ನಿಮ್ಮ ಊರಿನ ನಂಬಿಕಸ್ಥ ಆಲಿಮರನ್ನು ಕೇಳಿ, ಅದರಂತೆ ನಡೆಯಿರಿ.

ಆದರೆ ಯಾರಲ್ಲೂ ಭಿನ್ನಾಭಿಪ್ರಾಯವಿಲ್ಲದ ಒಂದು ವಿಷಯವಿದೆ. ಸಲ್ಮಾನ್(ರ) ತಮ್ಮ ಸಹೋದರನಂತಿದ್ದ ಅಬೂದ್ದರ್ದಾ(ರ)ರ ಮನೆಗೆ ಹೋದರು. ಮನೆಯಾಕೆ ತಮ್ಮ ಉಡುಗೆತೊಡುಗೆಯ ಬಗ್ಗೆ ಆಸ್ಥೆಯೇ ಇಲ್ಲದವರಂತೆ ಇದ್ದರು. ಕಾರಣ ಕೇಳಿದಾಗ ಗಂಡನಿಗೆ ಲೋಕದ ಗೊಡವೆಯೇ ಇಲ್ಲ ಎಂಬ ಉತ್ತರ ಬಂತು. ಅವರು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝಿನಲ್ಲಿ ಇರುತ್ತಿದ್ದರು. ಸಲ್ಮಾನ್(ರ) ಅವರನ್ನು ಉಣ್ಣಿಸಿದರು, ಮಲಗಿಸಿದರು, ರಾತ್ರಿಯ ಕೊನೆಯ ಭಾಗದಲ್ಲಿ ಎಬ್ಬಿಸಿ ಜೊತೆಗೆ ನಮಾಝ್ ಮಾಡಿದರು. ನಿನ್ನ ಪ್ರಭುವಿಗೂ, ನಿನ್ನ ದೇಹಕ್ಕೂ, ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿಹೇಳಿದರು. ಸಲ್ಮಾನ್ ಹೇಳಿದ್ದು ಸತ್ಯ ಎಂದು ಪ್ರವಾದಿ(ಸ) ದೃಢಪಡಿಸಿದರು.

ಪ್ರಿಯ ಸಹೋದರರೇ, ಇಬಾದತ್ತಿಗೇ ಹೆಂಡತಿಯ ಹಕ್ಕನ್ನು ಕಸಿಯುವ ಅಧಿಕಾರವಿಲ್ಲವೆಂದ ಮೇಲೆ ಡ್ರಮ್ಮಿಗಿದೆಯೇ? ಅಂಗಡಿಗಿದೆಯೇ? ಕ್ರಿಕೆಟ್ಟಿಗಿದೆಯೇ? ಡ್ರಮ್ಮರನ ಮೇಲೆ ಬೆರಳು ತೋರಿಸುವ ನಮ್ಮಲ್ಲಿ ಎಷ್ಟು ಮಂದಿ ರಾತ್ರಿ ಹನ್ನೊಂದರವರೆಗೆ ಬೀದಿ ಬದಿಯ ಹೋಟೆಲಿನಲ್ಲಿ ಕುಳಿತು ಮನೆಗೆ ಹೋಗುತ್ತೇವೆ?

ಹುಡುಗನಿಗೆ ನಾನು ಹೇಳಿದ್ದು

ವಾದ್ಯದ ವಿಷಯವನ್ನು ನಮ್ಮ ಆಲಿಮರ ಬಳಿ ಕೂಡಲೇ ಹೋಗಿ ಕೇಳು, ಅವರ ಮಾತನ್ನು ಮನಸ್ಸಿಟ್ಟು ಕೇಳು ಎಂದೆ. ಅದರ ಜೊತೆಗೆ ಇವತ್ತಿನಿಂದಲೇ ಮಾಡಬೇಕಾದ ನಾಲ್ಕು ಮಾತು ಹೇಳಿದೆ.

ಒಂದು, ಬಾಟಲಿ ಇರುವ ವ್ಯಾನು ಹತ್ತಬೇಡ. ಕುಡಿಯುವುದಿಲ್ಲ ಎಂದರೆ ಸಾಲದು, ಜಾಗವೇ ಬದಲಾಗಬೇಕು.

ಎರಡು, ಸಮಯ. ರಾತ್ರಿ 10ರ ನಂತರ ಧ್ವನಿವರ್ಧಕ ಬಳಸಬಾರದೆಂದು 2000ನೇ ಇಸವಿಯಿಂದ ಕೇಂದ್ರದ ನಿಯಮವೇ ಇದೆ. ಆ ನಿಯಮ ಪಾಲಿಸುವ ಕಾರ್ಯಕ್ರಮಗಳನ್ನಷ್ಟೇ ಒಪ್ಪಿಕೋ. ಹನೂರಿನಿಂದಾಗಲಿ ಯಳಂದೂರಿನಿಂದಾಗಲಿ ಕೊಳ್ಳೇಗಾಲ ಒಂದು ಗಂಟೆಯ ದಾರಿಯೂ ಅಲ್ಲ. ಹನ್ನೆರಡರೊಳಗೆ ಮನೆಯಲ್ಲಿದ್ದರೆ ಫಜ್ರ್ ತಪ್ಪುವುದಿಲ್ಲ, ಅಂಗಡಿಯೂ ತಪ್ಪುವುದಿಲ್ಲ.

ಮೂರು, ಕಿವಿ. ಇದು ಅಲ್ಲಾಹನ ಅಮಾನತ್ತು. 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದು. ಆಮೇಲೆ 3 ಡೆಸಿಬಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧವಾಗುತ್ತಾ ಹೋಗುತ್ತದೆ. 100 ಡೆಸಿಬಲ್ ಆದರೆ 15 ನಿಮಿಷ ಮಾತ್ರ. ಜೋರಾಗಿ ಬಾರಿಸುವ ಡ್ರಮ್ ಪಕ್ಕದಲ್ಲಿ ಕುಳಿತವನಿಗೆ 100ನ್ನೂ ಮೀರುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಕಿವಿಬಿರಡೆ ತೆಗೆದುಕೋ. ಕಾರ್ಯಕ್ರಮ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ.

ನಾಲ್ಕು, ಮದುವೆಯಾಗುವ ಹುಡುಗಿಯಿಂದ ಏನನ್ನೂ ಬಚ್ಚಿಡಬೇಡ. ಬಚ್ಚಿಟ್ಟು ಆರಂಭಿಸಿದ ಸಂಸಾರದಲ್ಲಿ ಬರಕತ್ ಇರುವುದಿಲ್ಲ.

ನಾಲ್ಕನೆಯದಕ್ಕೆ ಅವನು ತಲೆ ತಗ್ಗಿಸಿದ. ಭಾನುವಾರ ತಾಯಿ ಮಗನ ಜೊತೆ ನಾನೂ ಯಳಂದೂರಿಗೆ ಹೋದೆ. ಹುಡುಗನೇ ಬಾಯಿಬಿಟ್ಟು ಎಲ್ಲ ಹೇಳಿದ. ಹುಡುಗಿಯ ತಂದೆ ಕೇಳಿದ್ದು, "ಕುಡಿಯುತ್ತೀಯಾ?" ಎಂದು. "ಒಮ್ಮೆ ಮುಟ್ಟಿದ್ದೇನೆ, ತೌಬಾ ಮಾಡಿದ್ದೇನೆ" ಎಂದ. ಅವನ ತಾಯಿಗೂ ಅದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಳಕೋಣೆಯಿಂದ ಹುಡುಗಿ ತನ್ನ ತಾಯಿಯ ಮೂಲಕ ಒಂದು ಪ್ರಶ್ನೆ ಕೇಳಿಸಿದಳು. "ರಾತ್ರಿ ಎಷ್ಟು ಗಂಟೆಗೆ ಮನೆಗೆ ಬರುತ್ತಾರೆ?"

ನಾನು ವಾರವಿಡೀ ಓದಿ ತಿಳಿದದ್ದನ್ನು ಆ ಹೆಣ್ಣುಮಗಳು ಒಂದೇ ಪ್ರಶ್ನೆಯಲ್ಲಿ ಕೇಳಿದ್ದಳು. ಹುಡುಗ "ಹನ್ನೆರಡರೊಳಗೆ" ಎಂದ. "ಹನ್ನೆರಡಕ್ಕೆ ಬಾಗಿಲಲ್ಲಿ ಇಲ್ಲದಿದ್ದರೆ ನಾನು ಫೋನ್ ಮಾಡುತ್ತೇನೆ, ಎತ್ತಬೇಕು" ಎಂದು ಒಳಗಿನಿಂದ ಉತ್ತರ ಬಂತು. ಹುಡುಗಿಯ ತಂದೆ ಯೋಚಿಸಲು ಹತ್ತು ದಿನ ಕೇಳಿದರು. ಹತ್ತನೆಯ ದಿನ ಒಪ್ಪಿಗೆ ಬಂತು. ರಮಝಾನಿನಲ್ಲಿ ಕಾರ್ಯಕ್ರಮ ಬೇಡ, ಅಂಗಡಿಯ ಕೆಲಸ ಬಿಡಬಾರದು ಎಂಬ ಎರಡು ಷರತ್ತು ಹಾಕಿದರು. ಅವನು ಒಪ್ಪಿದ. ಮುಂದೆ ಹೇಗಿರುತ್ತಾನೆಂದು ನಾನು ಹೇಳಲಾರೆ. ಅದು ಅವನ ಪರೀಕ್ಷೆ. ಕೋಲುಗಳನ್ನು ಅವನ ಕೈಗೆ ಹಿಂದಿರುಗಿಸಿದ್ದೇನೆ. ಆಲಿಮರ ಬಳಿ ಎರಡು ಸಲ ಹೋಗಿ ಬಂದಿದ್ದಾನೆ. ಈಗ ಕೆಲವು ದಿನ ಫಜ್ರ್‌ನಲ್ಲಿ ಎರಡನೆಯ ಸಾಲಿನಲ್ಲಿ ಕಾಣುತ್ತಾನೆ, ಕೆಲವು ದಿನ ಕಾಣುವುದಿಲ್ಲ. ಕಾಣದ ದಿನ ನಾನು ಅಂಗಡಿಯ ಮುಂದೆ ಹಾದು ಬರುತ್ತೇನೆ.

ತಾಯಂದಿರೇ, ನಿಮ್ಮ ಮಗನ ಕೋಣೆಯಲ್ಲಿ ನಿಮಗೆ ಇಷ್ಟವಾಗದ ವಸ್ತುವೊಂದು ಸಿಕ್ಕಿದರೆ ಒಲೆಗೆ ಹಾಕುವ ಮುನ್ನ ಅವನನ್ನು ಕೂರಿಸಿ ಮಾತಾಡಿಸಿ. ತಂದೆಯರೇ, ಅವನು ತಡವಾಗಿ ಬಂದ ರಾತ್ರಿ ಬಾಗಿಲು ತೆರೆಯಿರಿ, ಬುದ್ಧಿಮಾತು ಬೆಳಿಗ್ಗೆ ಹೇಳಿ. ನನ್ನಂತಹ ಶಿಕ್ಷಕರೇ, ಮಗುವಿನ ತಪ್ಪಿಗೆ ಹೆಸರಿಡಿ, ಅದರ ಕೈಗೆ ಹೆಸರಿಡಬೇಡಿ.

ಕೊನೆಯದಾಗಿ, ಈ ಪತ್ರಿಕೆ ಹನೂರಿನಲ್ಲಿಯೂ ಓದಲ್ಪಡುತ್ತದೆ. ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ ಬಾರಿಸುವ, ಹಿಂದೊಮ್ಮೆ ಯಳಂದೂರಿನಲ್ಲಿ ನನ್ನ ಬಳಿ ಕುರ್‌ಆನ್ ಕಲಿತ ಆ ಹುಡುಗ ನಿಮಗೆ ಪರಿಚಯವಿದ್ದರೆ, ಅವನ ಗುರುಗಳು ಕ್ಷಮೆ ಕೇಳಲು ಕಾಯುತ್ತಿದ್ದಾರೆಂದು ದಯವಿಟ್ಟು ತಿಳಿಸಿ. ಮನೆಯ ದಾರಿ ಅವನಿಗೆ ಗೊತ್ತು. ಕೈಗಳನ್ನು ಅಡಗಿಸಿಕೊಳ್ಳದೆ ಬರಲಿ.

ಅಲ್ಲಾಹನು ನಮ್ಮ ಮಕ್ಕಳನ್ನು ಎಲ್ಲಿದ್ದರೂ ಕಾಪಾಡಲಿ, ಸಂಜೆ ಹೊರಟವರನ್ನು ಸುಖವಾಗಿ ಮನೆಗೆ ಮರಳಿಸಲಿ. ಆಮೀನ್.